ಬಿಸಿಬೇಳೆಬಾತ್ ಕದ್ದವರು

ಸಮುದಾಯ ಭವನದ ಅಡುಗೆಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟ ವೇದವತಿ ಅಲ್ಲೇ ನಿಂತುಬಿಟ್ಟರು.

ದೊಡ್ಡ ಒಲೆಯ ಮೇಲೆ ಬಿಸಿಬೇಳೆಬಾತ್ ಇರಲಿಲ್ಲ. ಪಾತ್ರೆ ಸಮೇತ ಮಾಯವಾಗಿತ್ತು. ಪಕ್ಕದ ಒಲೆಯ ಮೇಲಿದ್ದ ಸಾರೂ ಅಷ್ಟೇ.

ಅವರ ಹಿಂದೆ ಬಾಳೆಯೆಲೆಯ ಕಟ್ಟು ಹೊತ್ತು ಬಂದಿದ್ದ ಮೋನಿಕಾ ಅದನ್ನು ಕೆಳಗಿಟ್ಟಳು. ಅವಳು ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ವಿದ್ಯಾರಣ್ಯಪುರದಲ್ಲಿ ವೇದವತಿಯವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದಳು. ನವರಾತ್ರಿ ಬಂದೋಬಸ್ತಿನ ನಡುವೆ ಹೇಗೋ ಸಿಕ್ಕಿದ ರಜೆ ಇವತ್ತಿನದು. ಹೊಟ್ಟೆ ತುಂಬ ಉಂಡು ಮಲಗುವುದೊಂದೇ ಅವಳ ಕಾರ್ಯಕ್ರಮವಾಗಿತ್ತು.

"ಯಾರಾದ್ರೂ ಹಾಲ್‌ಗೆ ತಗೊಂಡು ಹೋಗಿರ್ಬಹುದಾ ಆಂಟಿ?"

"ಹಾಲ್‌ನಲ್ಲಿ ಇನ್ನೂ ಚಾಪೆನೇ ಹಾಸಿಲ್ಲ ಕಣೇ." ವೇದವತಿ ಖಾಲಿ ಒಲೆ ಮುಟ್ಟಿ ನೋಡಿದರು. "ಮಹತಿಗೆ ಏನಂತ ಹೇಳ್ಲಿ?"

ಮಹತಿ ಅವರ ಮೊಮ್ಮಗಳು. ಗೋಧಿ ಅವಳ ಮೈಗೆ ಆಗುವುದಿಲ್ಲ. ಹಾಲೂ ಆಗುವುದಿಲ್ಲ. ಚೂರು ಹೊಟ್ಟೆಗೆ ಹೋದರೂ ಮಗು ಹಾಸಿಗೆ ಹಿಡಿಯುತ್ತದೆ. ಪ್ರತಿ ವರ್ಷ ಆಯುಧಪೂಜೆಯ ದಿನ ರಸ್ತೆಯವರೆಲ್ಲ ಭವನದಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಅವಳು ಮೂಲೆಯ ಕುರ್ಚಿಯಲ್ಲಿ ಮನೆಯ ಡಬ್ಬಿ ಬಿಚ್ಚಿಕೊಳ್ಳುತ್ತಿದ್ದಳು. ಈ ಸಲ ವೇದವತಿ ಹಟ ಹಿಡಿದಿದ್ದರು. ಮಹತಿ ಏನು ಉಣ್ಣುತ್ತಾಳೋ ಇಡೀ ರಸ್ತೆಗೆ ಅದೇ ಊಟ. ನವಣೆಯ ಬಿಸಿಬೇಳೆಬಾತ್, ತುಪ್ಪದ ಜಾಗದಲ್ಲಿ ಕಡಲೆಕಾಯಿ ಎಣ್ಣೆ. ಈ ಕಾಲಕ್ಕೆ ಬರುವ ಸಿಹಿಗುಂಬಳಕ್ಕೆ ತೆಂಗಿನಹಾಲು ಹಾಕಿ ಪಾಯಸ. ಹೊಸ ಗೆಣಸಿನ ಹೂರಣ ತುಂಬಿ ಅಕ್ಕಿಹಿಟ್ಟಿನ ಒಬ್ಬಟ್ಟು.

ಮೋನಿಕಾ ಸುತ್ತಲೂ ಕಣ್ಣಾಡಿಸಿದಳು. ಪಾಯಸ ಮೇಜಿನ ಮೇಲೆ ಹಾಗೇ ಇತ್ತು. ಒಬ್ಬಟ್ಟಿನ ರಾಶಿಯೂ ಇತ್ತು, ಕೋಸಂಬರಿಯೂ ಇತ್ತು. ಬೀಗ ಮುರಿದಿರಲಿಲ್ಲ, ಹಿಂಬಾಗಿಲ ಚಿಲಕವೂ ಒಳಗಿನಿಂದ ಹಾಕಿತ್ತು. ಒಲೆ, ಕಟ್ಟೆ ಎಲ್ಲವನ್ನೂ ಯಾರೋ ತಿಕ್ಕಿ ಒರೆಸಿದ್ದರು. ಇನ್ನೂ ಒದ್ದೆ ಆರಿರಲಿಲ್ಲ. ಸೌಟುಗಳನ್ನು ತೊಳೆದು ಬೋರಲು ಹಾಕಿದ್ದರು.

ಕಳ್ಳ ಬಂದು ಹೋದ ಜಾಗ ಇಷ್ಟು ಚೊಕ್ಕವಾಗಿದ್ದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಕೀಲಿ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ಸೆಕ್ರೆಟರಿ ಗುರುಚರಣ್ ಹತ್ರ ಒಂದು. ನಾನು ಸ್ನಾನಕ್ಕೆ ಅಂತ ಮನೆಗೆ ಹೋದಾಗ ಇವರು ಒಗ್ಗರಣೆ ಹಾಕಿ, ಬೀಗ ಹಾಕ್ಕೊಂಡು ಬಂದು ಕೀಲಿ ಕೊಟ್ರು."

ಬಾಗಿಲ ಬಳಿ ಅವರ ಯಜಮಾನರು, ಸೇತುರಾಮ, ಬಂದು ನಿಂತಿದ್ದರು. ಯಾವ ಅಡುಗೆಯಾದರೂ ಒಗ್ಗರಣೆ ಮಾತ್ರ ಅವರದೇ ಕೈಯದು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಉಂಟು.

"ಬೀಗ ಹಾಕಿದ್ದು ನಾನೇ ಕಣಮ್ಮ," ಎಂದರು ನೆಲ ನೋಡುತ್ತ.

* * *

ಗುರುಚರಣ್ ತಮ್ಮ ಗೇಟಿನ ಮುಂದೆ ಕಾರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಊಟದ ವಿಷಯದಲ್ಲಿ ಅತಿ ಹೆಚ್ಚು ಗೊಣಗಿದವರು ಅವರೇ.

"ನನ್ನ ಮೇಲೇ ಡೌಟಾ ಮೇಡಂ? ತುಪ್ಪ ಇಲ್ದೆ ಏನ್ ಹಬ್ಬ ಅಂತ ನಾನು ಅಂದಿದ್ದು ನಿಜ. ಒಂದು ಮಗುಗೋಸ್ಕರ ಎಲ್ರೂ ಯಾಕೆ ಪಥ್ಯ ಮಾಡ್ಬೇಕು? ಅಷ್ಟಕ್ಕೂ ಒಂದು ಚಿಟಿಕೆ ಗೋಧಿ ತಿಂದ್ರೆ ಏನಾಗ್ಬಿಡತ್ತೆ? ಅವಳಿಗೆ ಬೇರೆ ಇಟ್ಟಿದ್ರೆ ಮುಗೀತಿತ್ತು."

"ಭವನದ ಕೀಲಿ ಎಲ್ಲಿ?"

ಅವರು ಕಾರಿನ ಮುಂದಿದ್ದ ತಟ್ಟೆ ತೋರಿಸಿದರು. ಮನೆಯ ಕೀಲಿಗಳೆಲ್ಲ ಬೆಳಿಗ್ಗೆಯೇ ಪೂಜೆಗೆ ಕೂತಿದ್ದವು. ಭವನದ ಕೀಲಿಯ ಹಲ್ಲುಗಳ ಸಂದಿಯಲ್ಲೂ ಒದ್ದೆ ಕುಂಕುಮ ಒಣಗಿ ಕಲ್ಲಾಗಿತ್ತು. ಅದು ಯಾವ ಬೀಗದೊಳಗೂ ಹೋಗಿ ಬಂದಿರಲಿಲ್ಲ.

"ನಾನು ಕದಿಯೋನಾಗಿದ್ರೆ ಒಬ್ಬಟ್ಟು ಕದೀತಿದ್ದೆ," ಎಂದು ಗುರುಚರಣ್ ಮುಖ ಊದಿಸಿಕೊಂಡರು. "ನಮ್ಮನ್ನ ಬಿಡಿ, ನಾಗೇಶನ್ನ ಕೇಳಿ. ಪ್ರತಿ ವರ್ಷ ಅಡುಗೆ ಕಾಂಟ್ರಾಕ್ಟ್ ಅವನದು, ಈ ಸಲ ಕೈತಪ್ತು. ಆಗ್ಲೇ ಅವನ ವ್ಯಾನು ಭವನದ ಹಿಂದೆ ನಿಂತಿತ್ತು."

* * *

ಕ್ಯಾಟರಿಂಗ್ ನಾಗೇಶ್ ಮುಂದಿನ ಅಡ್ಡರಸ್ತೆಯಲ್ಲಿ ವ್ಯಾನಿಗೆ ಬಾಳೆಕಂದು ಕಟ್ಟುತ್ತಿದ್ದ. ಮೋನಿಕಾ ಹಿಂಬಾಗಿಲು ತೆಗೆದಳು. ಬಿಸಿಬೇಳೆಬಾತಿನ ಘಮ ಮುಖಕ್ಕೆ ಹೊಡೆಯಿತು. ಅವಳ ಹೊಟ್ಟೆ ಗುರ್ ಎಂದಿತು.

"ಇದೇನ್ ನಾಗೇಶ್?"

"ಅಡುಗೆ ವ್ಯಾನ್ ಅಲ್ವಾ ಮೇಡಂ, ಇನ್ನೇನ್ ವಾಸನೆ ಬರ್ಬೇಕು?"

"ಪಾತ್ರೆ ಎಲ್ಲಿ ಇಳಿಸ್ದೆ?"

"ಅದೊಂದು ಕೇಳ್ಬೇಡಿ. ಮಾತು ಕೊಟ್ಟಿದೀನಿ." ಅವನು ಮತ್ತೆ ಬಾಳೆಕಂದಿನ ಕಡೆ ತಿರುಗಿದ.

ಕೇಳುವ ಅಗತ್ಯವೂ ಬೀಳಲಿಲ್ಲ. ಮೂಲೆಯ ಆಟೋ ಸ್ಟ್ಯಾಂಡಿನಿಂದ ನಗು, ಗದ್ದಲ ಕೇಳಿಬರುತ್ತಿತ್ತು. ಸಾಲಾಗಿ ನಿಂತ ಆಟೋಗಳ ನೆರಳಲ್ಲಿ ಚಾಲಕರೆಲ್ಲ ಅಡಿಕೆತಟ್ಟೆ ಹಿಡಿದು ಕೂತಿದ್ದರು. ನಡುವೆ ಎರಡು ದೊಡ್ಡ ಪಾತ್ರೆ. ಎರಡೂ ತಳ ಕಂಡಿದ್ದವು. ಸ್ಟ್ಯಾಂಡಿನ ಹಿರಿಯ ಪಿಳ್ಳಣ್ಣ ಎದ್ದು ಜಾಗ ಮಾಡಿಕೊಟ್ಟ.

"ಬಾರವ್ವ, ಕುಂತ್ಕೊ. ಸಿರಿಧಾನ್ಯದ್ದಂತೆ, ಬೋ ರುಚಿ."

"ಯಾರು ಕೊಟ್ರು ಪಿಳ್ಳಣ್ಣ?"

"ನಾಗೇಸ ತಂದಿಳಿಸ್ದ. ಯಾರೋ ದೊಡ್ಡೋರು ಅಬ್ಬಕ್ಕೆ ಕಳಿಸವ್ರೆ ಅಂದ. ಇಂಗೆ ನಮ್ಮುನ್ನ ನೆನೆಸ್ಕೊಂಡು ಊಟ ಕಳಿಸಿದ್ದು ಇದೇ ಮೊದ್ಲು ಕಣವ್ವ."

ಹಿಂದೆಯೇ ಏದುಸಿರು ಬಿಡುತ್ತ ಬಂದ ಗುರುಚರಣ್, "ಸಿಕ್ಕಿಬಿದ್ದ ನೋಡಿ. ಹೊಟ್ಟೆಕಿಚ್ಚಿಗೆ ಮಾಡಿದಾನೆ. ಸ್ಟೇಷನ್‌ಗೆ ಎಳ್ಕೊಂಡು ಹೋಗಿ," ಎಂದರು.

ಮೋನಿಕಾ ಅಲ್ಲವೆಂದು ತಲೆಯಾಡಿಸಿದಳು. ನಾಗೇಶನ ಹತ್ತಿರ ಕೀಲಿ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಹೊರಟವನು ಊಟವನ್ನೆಲ್ಲ ಹಾಳುಮಾಡುತ್ತಿದ್ದ, ಸೌಟು ತೊಳೆಯುತ್ತ ಕೂರುತ್ತಿರಲಿಲ್ಲ. ಪಿಳ್ಳಣ್ಣ ಒತ್ತಾಯ ಮಾಡಿ ಅವಳ ಅಂಗೈಗೆ ಒಂದು ತುತ್ತು ಹಾಕಿದ. ಬಾಯಿಗಿಟ್ಟಳು. ಹುಣಸೆ, ಬೆಲ್ಲ, ಮಸಾಲೆ, ಎಲ್ಲದರ ಮೇಲೆ ತೇಲಿದ ಇಂಗು.

ಅವಳು ಅಗಿಯುವುದನ್ನು ನಿಲ್ಲಿಸಿದಳು.

ಬಾತಿಗೆ ಒಗ್ಗರಣೆ ಬಿದ್ದಿತ್ತು. ಸಾರಿಗೂ ಬಿದ್ದಿತ್ತು. ಪಾಯಸಕ್ಕೆ, ಒಬ್ಬಟ್ಟಿಗೆ ಇಲ್ಲ. ಆ ಕೋಸಂಬರಿಯಲ್ಲೂ ಬರೀ ಕಾಯಿತುರಿ, ನಿಂಬೆರಸ.

* * *

ವೇದವತಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು.

"ಆಂಟಿ, ನೀವು ಅಡುಗೆಗೆ ಹಾಕೋದು ಯಾವ ಇಂಗು?"

"ಇದೇನು ಪ್ರಶ್ನೆ ಈಗ? ಗಟ್ಟಿ ಇಂಗು, ಹಿಟ್ಟು ಬೆರೆಸದೇ ಇರೋದು. ಹುಡುಕಿ ತರಿಸ್ತೀನಿ. ಅಂಗಡೀಲಿ ಸಿಗೋ ಪುಡಿ ಇಂಗಿಗೆ ಬಹಳಷ್ಟು ಕಡೆ ಗೋಧಿ ಹಿಟ್ಟು ಸೇರಿಸಿರ್ತಾರೆ. ಮಹತಿ ಇರೋ ಮನೆಗೆ ಅದು ಕಾಲಿಡೋ ಹಾಗಿಲ್ಲ." ಕೈಚೀಲಕ್ಕೆ ಕೈಹಾಕಿ ಸ್ಟೀಲಿನ ಪುಟ್ಟ ಡಬ್ಬಿ ತೆಗೆದು ತೋರಿಸಿದರು. "ನೋಡು, ಇದೇ."

"ಸ್ನಾನಕ್ಕೆ ಹೋದಾಗ ಈ ಕೈಚೀಲ ಎಲ್ಲಿತ್ತು?"

"ನನ್ನ ಹೆಗಲಲ್ಲೇ. ಯಾಕೆ?"

ಮೋನಿಕಾ ಭವನದ ಹಿಂದಕ್ಕೆ ನಡೆದಳು. ಸೇತುರಾಮ ಹಿತ್ತಲಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಅವಳು ಪಕ್ಕದಲ್ಲಿ ಕೂತಳು.

"ಅಂಕಲ್, ಇಂಗಿನ ಡಬ್ಬಿ ಕಾಣಲಿಲ್ಲ ಅಂತ ಅಂಗಡಿಯಿಂದ ಪುಡಿ ಇಂಗು ತಂದ್ರಾ?"

ಅವರು ಬೆಚ್ಚಿಬಿದ್ದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

"ಹೇಗೆ ಗೊತ್ತಾಯ್ತಮ್ಮ?"

"ಹಸಿದವನಾಗಿದ್ರೆ ಸಿಹಿ ಬಿಡ್ತಿರಲಿಲ್ಲ. ಹೋಗಿದ್ದು ಒಗ್ಗರಣೆ ಬಿದ್ದ ಎರಡೇ ಪಾತ್ರೆ. ಆ ಸೌಟು, ಆ ಕಟ್ಟೆ ತಿಕ್ಕಿ ತೊಳೆದಿದ್ದು ಮಗುಗೆ ಒಂದು ಕಣಾನೂ ತಾಗಬಾರದು ಅನ್ನೋರು. ಗುರುಚರಣ್ ಅವರ ಕೀಲಿ ಪೂಜೆ ತಟ್ಟೇಲಿತ್ತು. ಆಂಟಿ ಹತ್ರ ಇರೋ ಇಂಗು ಅಡುಗೆಮನೇಲಿ ಇರಲೇ ಇಲ್ಲ, ಆದರೂ ಬಾತಿನಲ್ಲಿ ಇಂಗು ಘಮ್ಮಂತಿತ್ತು. ಆಮೇಲೆ, ಬೀಗ ಹಾಕಿದ್ದು ನಾನೇ ಅಂದ್ರಿ. ಒಳಗೆ ಎಲ್ಲಾ ಇತ್ತು ಅಂತ ಮಾತ್ರ ನಿಮ್ಮ ಬಾಯಲ್ಲಿ ಬರಲಿಲ್ಲ."

"ಸುಳ್ಳು ಹೇಳಿ ಅಭ್ಯಾಸ ಇಲ್ಲಮ್ಮ." ಸೇತುರಾಮ ಕೈ ಹಿಸುಕಿಕೊಂಡರು. "ಎಣ್ಣೆ ಕಾದಿತ್ತು, ಡಬ್ಬಿ ಸಿಗಲಿಲ್ಲ. ಪಕ್ಕದ ಅಂಗಡಿಗೆ ಓಡಿದೆ. ಹಾಕಿದ ಮೇಲೆ ಕನ್ನಡಕ ಏರಿಸಿ ಓದಿದೆ. ಗೋಧಿ ಹಿಟ್ಟು ಅಂತಿತ್ತು. ಜೀವ ಬಾಯಿಗೆ ಬಂತು. ಹಿಂದಿನ ಬಾಗಿಲ ಆಚೆ ನಾಗೇಶ ವ್ಯಾನಲ್ಲಿ ಹೋಗ್ತಿದ್ದ, ಕೈಮುಗಿದು ಕರೆದೆ."

"ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತಲ್ಲ? ಮಹತಿಗೆ ಮಾತ್ರ ಬಡಿಸಬೇಡಿ ಅಂತ."

"ಅದೇ ಬೇಡವಾಗಿತ್ತು." ಅವರು ಭವನದ ಕಡೆ ತಿರುಗಿದರು. "ಹೇಳಿದ್ರೆ ಏನಾಗ್ತಿತ್ತು ಗೊತ್ತಾ? ಉಳಿದವರು ತಿಂದ್ರೆ ತೊಂದರೆ ಇಲ್ವಲ್ಲ ಅಂತ ಎಲ್ಲರಿಗೂ ಬಾತು ಬಡಿಸ್ತಿದ್ರು. ಮಗು ಮತ್ತೆ ಮೂಲೇಲಿ ಡಬ್ಬಿ ಬಿಚ್ಚಬೇಕಿತ್ತು. ಈ ದಿನ ಬರಲಿ ಅಂತ ಅವಳು ಹೊಸ ಲಂಗ ಹೊಲಿಸಿಕೊಂಡು ಕಾದಿದ್ದಾಳೆ. ಅವಳಿಗಿಲ್ಲದ್ದು ಯಾರಿಗೂ ಬೇಡ ಅನ್ನಿಸಿತು. ಕದ್ದುಬಿಟ್ಟೆ."

ಹಿಂದೆ ಬಳೆಯ ಸದ್ದಾಯಿತು. ಬಾಗಿಲಲ್ಲಿ ವೇದವತಿ ನಿಂತಿದ್ದರು. ಅವರ ಹಿಂದೆ ಗುರುಚರಣ್, ನಾಗೇಶ್.

"ಅಲ್ರೀ," ಎಂದರು ವೇದವತಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಷ್ಟು ದೊಡ್ಡ ಪಾತ್ರೆ ಎತ್ತೋಕೆ ಹೋದ್ರಲ್ಲ, ಸೊಂಟ ಹಿಡ್ಕೊಂಡಿದ್ರೆ ಏನ್ ಗತಿ?"

ನಾಗೇಶ್ ನಕ್ಕ. "ಎತ್ತಿದ್ದು ನಾನು ಕಣಮ್ಮ. ಅವರು ಬರೀ ದಾರಿ ತೋರಿಸಿದ್ದು."

ಗುರುಚರಣ್ ಗಂಟಲು ಸರಿಮಾಡಿಕೊಂಡರು. ತಾವು ಅಂದ ಮಾತು ಅವರಿಗೇ ಚುಚ್ಚಿರಬೇಕು. ಇಸ್ತ್ರಿ ಮಾಡಿದ ಅಂಗಿಯ ತೋಳು ಮೇಲಕ್ಕೆ ಮಡಿಚಿದರು.

"ಕಾಯಿ ತುರಿಯೋದು ಎಲ್ಲಿದೆ ಹೇಳಿ. ಜನ ಬರೋ ಹೊತ್ತಾಯ್ತು."

* * *

ಆಮೇಲೆ ನಡೆದದ್ದು ಯುದ್ಧ. ವೇದವತಿಯವರ ಮನೆಯಿಂದ ಅಕ್ಕಿ ಮೂಟೆ ಬಂತು. ಆಟೋದವರು ಪಾತ್ರೆ ತೊಳೆದು ತಂದುಕೊಟ್ಟರು. ವೇದವತಿ ಅವನ್ನು ಮತ್ತೆ ಹೊಸ ನಾರಿನಿಂದ ತಿಕ್ಕಿಸಿ, ಕುದಿಯುವ ನೀರು ಸುರಿಸಿದ ಮೇಲೇ ಒಲೆಗೇರಿಸಿದರು. ನಾಗೇಶ್ ನಿಂಬೆಹಣ್ಣು ಹಿಂಡಿದ. ಮೋನಿಕಾ ಹಸಿಮೆಣಸಿನಕಾಯಿ ಹೆಚ್ಚಿ, ಮರೆತು ಕಣ್ಣುಜ್ಜಿಕೊಂಡು ಗೋಳಾಡಿದಳು. ಒಗ್ಗರಣೆಯ ಸೌಟನ್ನು ವೇದವತಿಯೇ ತಂದು ಗಂಡನ ಕೈಗಿಟ್ಟರು. ಸಾಸಿವೆ ಸಿಡಿಯಿತು, ಕಡಲೆಕಾಯಿಬೀಜ ಕೆಂಪಾಯಿತು, ಭವನದ ತುಂಬ ಚಿತ್ರಾನ್ನದ ಘಮ ಹಬ್ಬಿತು.

ಪಂಕ್ತಿ ಕೂತಿತು. ಪಿಳ್ಳಣ್ಣನ ಗುಂಪು ಉಂಡಿದ್ದ ಹೊಟ್ಟೆಯಲ್ಲೇ ಪಾಯಸಕ್ಕೆಂದು ಮತ್ತೆ ಬಂದು ಕೂತಿತು. ಹೊಸ ಲಂಗ ಉಟ್ಟ ಮಹತಿ ನಡುವಿನ ಸಾಲಿನಲ್ಲಿ ಗೆಳತಿಯರ ಮಧ್ಯೆ ಕೂತಳು. ಪಾಯಸ ಬಡಿಸುತ್ತಿದ್ದ ಮೋನಿಕಾ ನೋಡನೋಡುತ್ತಿದ್ದಂತೆ ಪಕ್ಕದ ಹುಡುಗಿ ಮಹತಿಯ ಎಲೆಗೆ ಕೈಹಾಕಿ ಕಡಲೆಕಾಯಿಬೀಜ ಆರಿಸಿಕೊಂಡಳು. ಮಹತಿ ಗೆಳತಿಯ ಎಲೆಯನ್ನೇ ನೋಡಿದಳು. ಚಾಚಿದ ಕೈಯನ್ನು ಅಭ್ಯಾಸಬಲದಿಂದ ಹಿಂದೆಳೆದುಕೊಂಡಳು.

"ಅಜ್ಜಿ, ನಾನು ಇವಳ ಎಲೆಯಿಂದ ತಿನ್ಬಹುದಾ?"

"ಯಾರ ಎಲೆಯಿಂದ ಬೇಕಾದ್ರೂ ತಿನ್ನು, ಪುಟ್ಟಿ."

ಮಹತಿ ಎದ್ದೇಬಿಟ್ಟಳು. ಒಂದು ಎಲೆಯಿಂದ ಚಿಟಿಕೆ ಚಿತ್ರಾನ್ನ, ಇನ್ನೊಂದರಿಂದ ಕೋಸಂಬರಿ, ಮತ್ತೊಂದರಿಂದ ಒಬ್ಬಟ್ಟಿನ ಅಂಚು. ಎಲ್ಲ ಎಲೆಯಲ್ಲೂ ಅದೇ ಊಟ. ಆದರೂ ಅವಳಿಗೆ ಪ್ರತಿಯೊಂದನ್ನೂ ರುಚಿ ನೋಡಬೇಕಿತ್ತು. ಸಾಲಿನವರೆಲ್ಲ ನಗುತ್ತ ತಮ್ಮ ತಮ್ಮ ಎಲೆಯನ್ನು ಅವಳ ಕಡೆ ಸರಿಸಿದರು. ಕೊನೆಗೆ ಅವಳು ತಾತನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಸೇತುರಾಮ ಇನ್ನೂ ಒಂದು ತುತ್ತನ್ನೂ ಮುಟ್ಟಿರಲಿಲ್ಲ. ಮಹತಿ ಅವರ ಎಲೆಯಿಂದ ಒಂದು ತುತ್ತು ಕಲಸಿ, ಮೊದಲು ತಾತನ ಬಾಯಿಗಿಟ್ಟು, ಆಮೇಲೆ ತಾನು ತಿಂದಳು.