ಬಲಗಡೆ ಸೀಟು

ಬೇಕಾದರೆ ಕೊನೆಯಲ್ಲಿ ಬೈಯಿರಿ, ಆದರೆ ಅಲ್ಲಿವರೆಗೆ ಕೂತು ಕೇಳಿ. ಮಧ್ಯದಲ್ಲಿ ಎದ್ದು ಹೋದರೆ ಇವನೊಬ್ಬ ಹೊಟ್ಟೆಕಿಚ್ಚಿನ ಪ್ರಾಣಿ ಅಂತಷ್ಟೇ ತಿಳಿದುಕೊಳ್ಳುತ್ತೀರಿ. ಅದು ನಿಜವೇ, ಸುಳ್ಳಲ್ಲ. ಆದರೆ ಅದರಾಚೆಗೂ ಸ್ವಲ್ಪ ಇದೆ.

ನಾನು ಒಂದು ಸಣ್ಣ ಕಾರ್ಗೋ ಕಂಪನಿಯಲ್ಲಿ ವಿಮಾನದ ಮೆಕ್ಯಾನಿಕ್. ನಾನು ನೋಡಿಕೊಳ್ಳುವುದು ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಅದರಲ್ಲಿ ಜನ ಕೂರುವುದಿಲ್ಲ, ಡಬ್ಬಗಳು ಕೂರುತ್ತವೆ. ಔಷಧಿ, ಮೊಬೈಲು, ಮೆಷಿನ್ನಿನ ಬಿಡಿಭಾಗ, ಒಂದೊಂದು ದಿನ ಆಗತಾನೇ ಮೊಟ್ಟೆಯೊಡೆದ ಕೋಳಿಮರಿಗಳು. ಸೂರ್ಯ ಕಣ್ಣು ಬಿಡುವ ಮೊದಲು ಹೊರಟು, ಬೆಟ್ಟಗಳಾಚೆಯ ಊರಿಗೆ ಸಾಮಾನು ಮುಟ್ಟಿಸಿ, ಅಲ್ಲೇ ಇಡೀ ದಿನ ಕಾದು, ಸಂಜೆ ಅಲ್ಲಿಯ ಪಾರ್ಸೆಲ್ ತುಂಬಿಕೊಂಡು ವಾಪಸ್ ಬರುತ್ತದೆ.

ಅದನ್ನು ಹಾರಿಸುತ್ತಿದ್ದವಳು ಅವಳು. ಎದುರಿಗೆ 'ಮೇಡಂ', 'ನೀವು'. ಮನಸ್ಸಿನೊಳಗೆ ಏನೇನೋ.

ಪೈಲಟ್ ಅಂದರೆ ನಿಮ್ಮ ಕಣ್ಣಿಗೆ ಟೋಪಿ, ಕೋಟು, ಗಾಲಿ ಸೂಟ್‌ಕೇಸು ಬರುತ್ತದೆ ಅಲ್ವಾ? ಇವಳದು ಮೊಣಕೈವರೆಗೆ ಮಡಚಿದ ಬಿಳಿ ಶರ್ಟು, ಅದರ ತುಂಬಾ ರಟ್ಟಿನ ಧೂಳು. ಲೋಡರ್ ಬರದ ದಿನ ಡಬ್ಬಗಳನ್ನು ತಾನೇ ಹೊರುತ್ತಿದ್ದಳು. ವಿಮಾನದಲ್ಲಿ ಟಾಯ್ಲೆಟ್ ಇಲ್ಲ, ಅದಕ್ಕೆ ಹೊರಡುವ ಮುಂಚೆ ನೀರು ಕುಡಿಯುತ್ತಿರಲಿಲ್ಲ. ಆಟೋಪೈಲಟ್ಟೂ ಇಲ್ಲ, ಗಾಳಿ ಜೋರಾದ ದಿನ ಇಳಿದು ಬಂದರೆ ಅಂಗೈ ಕೆಂಪಗಿರುತ್ತಿತ್ತು. ನಾನು ನೋಡುತ್ತಿದ್ದೆ. ಎಲ್ಲವನ್ನೂ ನೋಡುತ್ತಿದ್ದೆ.

ಇನ್ನೊಂದು ನೋಡಿದ್ದೆ. ಎತ್ತರದಲ್ಲಿ ಎಲ್ಲೋ ದೊಡ್ಡ ಜೆಟ್ ಹೋದರೆ ಸಾಕು, ಮಾತನ್ನು ಅರ್ಧಕ್ಕೇ ಬಿಟ್ಟು ಕತ್ತೆತ್ತುತ್ತಿದ್ದಳು. ಕಣ್ಣು ಕಿರಿದಾಗಿ, ತುಟಿ ಸ್ವಲ್ಪ ತೆರೆದು, ಅದು ಚುಕ್ಕಿಯಾಗುವವರೆಗೂ ನೋಡುತ್ತಿದ್ದಳು. ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಜೆಟ್ಟಿನ ಮೇಲೂ ಹೊಟ್ಟೆಕಿಚ್ಚು ಪಟ್ಟವನು ಭೂಮಿಯಲ್ಲಿ ನಾನೊಬ್ಬನೇ ಇರಬೇಕು.

ಅವಳು ಗಿಡ್ಡ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರೂ ಪೆಡಲ್ ಮುಟ್ಟಲು ಒದ್ದಾಡುತ್ತಿದ್ದಳು. ಅದಕ್ಕೇ ಹಳೇ ಸೀಟಿನ ಸ್ಪಂಜು ಕತ್ತರಿಸಿ, ಅಕ್ಕನ ಹೊಲಿಗೆ ಮೆಷಿನ್ನಿನಲ್ಲಿ ನೀಲಿ ಬಟ್ಟೆ ಹೊಲಿದು, ಬೆನ್ನಿಗೆ ಒಂದು ದಿಂಬು ಮಾಡಿಕೊಟ್ಟೆ.

"ಗ್ರೀಸೂ, ಇದು ನಿನ್ನ ಕೈಕೆಲಸಾನಾ?" ನನಗೆ ಅವಳಿಟ್ಟ ಹೆಸರು ಅದು.

"ಹೂಂ ಮೇಡಂ."

"ಹೊಲಿಗೆ ಸೊಟ್ಟಗಿದೆ."

"ಕೊಡಿ, ಬಿಚ್ಚಿ ಹೊಲೀತೀನಿ."

"ಮುಟ್ಟಿದ್ರೆ ನೋಡು!" ಅಂದು ದಿಂಬನ್ನು ಎದೆಗೆ ಅವುಚಿಕೊಂಡು, ಅದರ ಮೇಲಿನಿಂದ ನನ್ನನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ನಾನು ಒಂದು ವಾರ ಬದುಕಿದೆ.

ನಮ್ಮ ವಿಮಾನಕ್ಕೆ ಒಬ್ಬ ಪೈಲಟ್ ಸಾಕು. ಎಡಗಡೆ ಸೀಟಿನಲ್ಲಿ ಅವಳು, ಬಲಗಡೆ ಸೀಟಿನಲ್ಲಿ ಅವಳ ಜಾಕೆಟ್ಟು. ಜಾಕೆಟ್ಟಿನ ಜೊತೆ ನನಗೇನೂ ತಕರಾರಿರಲಿಲ್ಲ.

ಆಮೇಲೆ ಬಂದ ಉದ್ದಕಾಲು.

ಹೊಸ ಪೈಲಟ್. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರ. ನಕ್ಕರೆ ಎರಡೂ ಕೆನ್ನೆಯಲ್ಲಿ ಗುಳಿ. ಕಂಪನಿ ಅವನನ್ನು ಬಲಗಡೆ ಸೀಟಿಗೆ ಕೂರಿಸಿತು, ಜಾಕೆಟ್ಟು ಹಿಂದೆ ಡಬ್ಬಗಳ ಪಾಲಾಯಿತು. ಮೊದಲ ಸಂಜೆ ವಿಮಾನ ಬಂದ ಮೇಲೆ ಚೆಕ್ ಮಾಡಲು ಒಳಗೆ ಹತ್ತಿದೆ. ಬಲಗಡೆ ಸೀಟು ತನ್ನ ಕಂಬಿಯ ಮೇಲೆ ಹಿಂದಕ್ಕೆ, ಕಟ್ಟಕಡೆಯವರೆಗೆ ಸರಿದಿತ್ತು. ಅವನು ಅಲ್ಲಿ ಕಾಲು ಚಾಚಿ, ಅವಳ ಪಕ್ಕ, ಮೋಡಗಳ ಮೇಲೆ ಆರಾಮಾಗಿ ಕೂತಿದ್ದು ಕಣ್ಣಿಗೆ ಕಟ್ಟಿತು.

ಏನು ಮಾಡಿದೆ ಗೊತ್ತಾ? ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದೆ. ಟಕ್ ಅಂತ ಲಾಕ್ ಬಿತ್ತು. ಇಷ್ಟೇ ನನ್ನ ವೀರತನ.

ಮಾರನೇ ಬೆಳಿಗ್ಗೆ ಒಳಗಿಂದ ದಡ್ ಅಂತ ಸದ್ದು. "ಅಯ್ಯಮ್ಮಾ! ನನ್ನ ಮೊಣಕಾಲು! ಯಾರ್ರೀ ಈ ಸೀಟು ಇಲ್ಲಿಗೆ ತಂದೋರು?"

ನಾನು ಪ್ರೊಪೆಲ್ಲರ್ ಒರೆಸುತ್ತಿದ್ದೆ. ಅಷ್ಟು ಭಕ್ತಿಯಿಂದ ಯಾವತ್ತೂ ಒರೆಸಿರಲಿಲ್ಲ.

ದಿನಾ ಸಂಜೆ ಅದು ಹಿಂದಕ್ಕೆ ಹೋಗಿರುತ್ತಿತ್ತು, ದಿನಾ ನಾನು ಮುಂದಕ್ಕೆ ತಳ್ಳುತ್ತಿದ್ದೆ. ಮನೆಯಲ್ಲಿ ಅಕ್ಕನಿಗೆ ಹೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ನಕ್ಕಳು.

"ಅಲ್ವೋ, ಕೆಲಸ ಅಂದ್ಮೇಲೆ ಪಕ್ಕದಲ್ಲಿ ಯಾರಾದ್ರೂ ಕೂರ್ತಾರಪ್ಪ. ಕಾಮಾಲೆ ಕಣ್ಣಿನೋನಿಗೆ ಲೋಕ ಎಲ್ಲಾ ಹಳದಿ."

"ಬರೀ ಕೂರೋದಲ್ಲ ಅಕ್ಕಾ! ಆಚೆ ಊರಲ್ಲಿ ದಿನಪೂರ್ತಿ ಒಂದೇ ರೂಮಲ್ಲಿ ಕಾಯ್ತಾರೆ. ಅಲ್ಲಿರೋದು ಒಂದೇ ಸೋಫಾ!"

"ಸೋಫಾ ಲೆಕ್ಕ ಕೂಡ ನಿನ್ನ ಹತ್ರ ಇದೆಯಾ? ಮೊದ್ಲು ಅವಳಿಗೆ ಬಾಯಿಬಿಟ್ಟು ಹೇಳು. ಆಮೇಲೆ ಸೋಫಾ ಎಣಿಸು."

ಬಾಯಿ ಬಿಟ್ಟೆ. ಆದರೆ ಹೊರಗೆ ಬಂದಿದ್ದು ಬೇರೆ.

"ಮೇಡಂ, ಅಲ್ಲಿ ರೆಸ್ಟ್ ರೂಮಲ್ಲಿ ಸೋಫಾ ಒಂದೇ ಅಲ್ವಾ?"

ಅವಳು ಎಂಜಿನ್ ಆಯಿಲ್ ನೋಡುತ್ತಿದ್ದವಳು ನಿಧಾನಕ್ಕೆ ತಿರುಗಿದಳು. ತುಟಿಯ ಒಂದು ತುದಿ ಮಾತ್ರ ಮೇಲೆ. "ಒಂದೇ. ಯಾಕೆ, ಇನ್ನೊಂದು ತಂದ್ಕೊಡ್ತೀಯಾ?"

"ಇಲ್ಲ, ಸುಮ್ನೆ ಕೇಳ್ದೆ."

"ಅವನು ಸೋಫಾ ಮೇಲೆ ಗೊರಕೆ ಹೊಡೀತಾನೆ, ನಾನು ರಟ್ಟಿನ ಡಬ್ಬ ಹಾಸ್ಕೊಂಡು ಓದ್ತಿರ್ತೀನಿ. ಸಾಕಾ? ಇನ್ನೇನಾದ್ರೂ ಸುಮ್ನೆ ಕೇಳೋದಿದೆಯಾ?" ಆಯಿಲ್ ಕಡ್ಡಿ ಒರೆಸುತ್ತಾ, "ಅಂದಹಾಗೆ, ಆ ಬಲಗಡೆ ಸೀಟು ತಾನಾಗೇ ಮುಂದಕ್ಕೆ ಬರ್ತಿದೆಯಲ್ಲಾ, ಏನಾಗಿದೆ ಅದಕ್ಕೆ?"

"ನಾನು ಮುಟ್ಟಿಲ್ಲ ಮೇಡಂ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಕೆಮ್ಮಿದಳು. ಈಗ ಗೊತ್ತು, ಅದು ಕೆಮ್ಮಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಸೀಟು ತಳ್ಳುತ್ತಾ ಮುದುಕನಾಗಿಬಿಡುತ್ತಿದ್ದೆ. ಒಂದು ಸಂಜೆ ವಿಮಾನ ಇಳಿಯಿತು. ಉದ್ದಕಾಲು ಮೊದಲು ಇಳಿದ. ಕಂಕುಳಲ್ಲಿ ಏನೋ ನೀಲಿ. ನನ್ನ ದಿಂಬು! ಎಲ್ಲಾ ಸಹಿಸಬಹುದು ಸ್ವಾಮಿ, ದಿಂಬು?

"ಅದು ನಿಮ್ದಲ್ಲ ಸರ್. ಇಡಿ ಅಲ್ಲಿ."

"ಮೇಡಮ್ಮೇ ಕೊಟ್ರು ಕಣಯ್ಯಾ. ಸೋಫಾ ಕಂಬಿ ತಲೆಗೆ ಒತ್ತುತ್ತೆ ಅಂದೆ, ಹಾರಿಸದೇ ಇರೋವಾಗ ತಗೋ ಅಂದ್ರು."

"ಯಾರಾದ್ರೂ ಕೊಡ್ಲಿ. ಇಡಿ ಅಂದ್ನಲ್ಲಾ!" ಅಂತ ಕಿತ್ತುಕೊಂಡೆ. ನನ್ನ ದನಿ ವಿಮಾನ ನಿಲ್ಲಿಸುವ ಹ್ಯಾಂಗರಿನ ತಗಡಿಗೆ ಬಡಿದು ವಾಪಸ್ ಬಂತು. ಅವಳು ವಿಮಾನದ ಬಾಗಿಲಲ್ಲಿ ನಿಂತುಬಿಟ್ಟಳು. ಉದ್ದಕಾಲು ಗುಳಿ ಕಳೆದುಕೊಂಡು ಹೊರಟುಹೋದ.

ನಮ್ಮ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ದೊಡ್ಡಪ್ಪ ಅಂತಲೇ ಕರೆಯುತ್ತೇವೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಏನೋ ನಿಂದು? ಇನ್ನು ಸ್ವಲ್ಪ ದಿನಕ್ಕೆ ಎಡಗಡೆ ಸೀಟೂ ಅವನದೇ ಆಗುತ್ತೆ. ಆಗ ದಿನಾ ಅವನ ಜೊತೇನೇ ನೀನು ಕೆಲಸ ಮಾಡಬೇಕು."

"ಎಡಗಡೆನಾ? ಮತ್ತೆ ಮೇಡಂ?"

ದೊಡ್ಡಪ್ಪ ನನ್ನ ಮುಖವನ್ನೇ ನೋಡಿದರು. "ನಿಜವಾಗ್ಲೂ ಗೊತ್ತಿಲ್ವೇನೋ? ನಮ್ಮ ಕಂಪನಿ ಒಬ್ಬರು ಸಾಕಾಗೋ ಕಡೆ ಇಬ್ಬರಿಗೆ ಸಂಬಳ ಕೊಡುತ್ತಾ? ಬಲಗಡೆಗೆ ಆಳು ತಂದು ರೂಟು ಕಲಿಸ್ತಿದ್ದಾರೆ ಅಂದ್ರೆ, ಎಡಗಡೆಯವರು ಹೊರಟ್ರು ಅಂತ ಅರ್ಥ. ಯಾವಾಗ್ಲೂ ಹಾಗೇ."

ಮುಂಬಾಗಿಲು ಕಾಯುತ್ತಾ ಕೂತವನ ಮನೆಯನ್ನು ಹಿತ್ತಿಲಿಂದ ದೋಚಿಕೊಂಡು ಹೋದ ಹಾಗೆ. ಇಷ್ಟು ದಿನ ಬಲಗಡೆ ಸೀಟನ್ನೇ ಕಾದಿದ್ದೆ. ಖಾಲಿಯಾಗುತ್ತಿದ್ದದ್ದು ಎಡಗಡೆಯದು.

ಅವಳು ರೆಕ್ಕೆಯ ಕೆಳಗೆ ನಿಂತಿದ್ದಳು. ಸಂಜೆಯ ಬಿಸಿಲು ಅಡ್ಡವಾಗಿ ಬಂದು ಅವಳ ಒಂದು ಕಿವಿಯನ್ನು ಮಾತ್ರ ಬಂಗಾರ ಮಾಡಿತ್ತು.

"ಹೋಗ್ತಿದ್ದೀರಂತೆ."

"ನಿನಗೆ ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ. ದಿನಾ ಆ ಸೀಟು ನೋಡೋನು ನೀನೇ ಅಲ್ವಾ?" ಆಮೇಲೆ ಮೆತ್ತಗೆ, "ದೊಡ್ಡ ಕಂಪನಿ, ಪ್ಯಾಸೆಂಜರ್ ಜೆಟ್. ಇಂಟರ್‌ವ್ಯೂ ಮುಗಿದಾಗಲೇ ಇಲ್ಲಿ ಆಫೀಸಿಗೆ ಹೇಳಿದ್ದೆ, ಇವತ್ತು ಫೋನ್ ಬಂತು. ಬರ್ತೀನೋ ಇಲ್ವೋ ನಾಳೆ ಹೇಳಬೇಕು."

"ಸ್ವಲ್ಪ ದಿನ ಬಿಟ್ಟು ಹೋದ್ರೆ ಆಗಲ್ವಾ?"

"ಆ ಕಂಪನಿಗಳು ಪೈಲಟ್‌ಗಳನ್ನ ತಗೊಳ್ಳೋದು ನಲ್ಲಿ ನೀರಿದ್ದ ಹಾಗೆ ಗ್ರೀಸೂ. ಬಂದಾಗಲೇ ಕೊಡ ಹಿಡೀಬೇಕು. ನಿಂತ್ರೆ ವರ್ಷಗಟ್ಟಲೆ ಬರಲ್ಲ. ಮೊದಲು ಸೇರಿದೋರಿಗೆ ಮೊದಲ ರೂಟು, ಮೊದಲ ರಜೆ, ಮೊದಲ ಪ್ರಮೋಷನ್. ಒಂದು ಬ್ಯಾಚು ತಪ್ಪಿದ್ರೆ ಕೊನೇವರೆಗೂ ಹಿಂದೇನೇ."

"ಅಲ್ಲೂ ಎಡಗಡೆ ಸೀಟಾ?"

"ಇಲ್ಲಪ್ಪಾ, ಅಲ್ಲಿ ನಾನೇ ಹೊಸಬಳು. ಬಲಗಡೆ. ಎಡಗಡೆ ಕ್ಯಾಪ್ಟನ್ ಇರ್ತಾನೆ."

ಇರ್ತಾನೆ! ಎದೆ ಒಡೆದು ನಿಂತಿರುವಾಗಲೂ ನನ್ನ ಕಿವಿ ಹಿಡಿದದ್ದು ಅದೊಂದನ್ನೇ.

"ವಯಸ್ಸಾದೋರು ಇರ್ತಾರಾ?"

"ಕೆಲವರು."

"ಇನ್ನು ಕೆಲವರು?"

ಅವಳು ನಕ್ಕಳು. ನಗುತ್ತಾ ನಗುತ್ತಾ ಕಣ್ಣು ತುಂಬಿ ಬಂತು. "ಮೊದಲನೇ ದಿನವೇ ಗೊತ್ತಾಯ್ತು ಕಣೋ ಸೀಟು ತಳ್ಳಿದ್ದು ಯಾರು ಅಂತ. ಬೆಟ್ಟ ದಾಟೋವರೆಗೂ ನಗು ತಡ್ಕೊಂಡಿದ್ದೆ. ಆಮೇಲೆ ದಿನಾ ಸಂಜೆ ವಿಮಾನದಿಂದ ಕೆಳಗಿಳಿಯೋ ಮುಂಚೆ ನಾನೇ ಅದನ್ನ ಕೊನೇವರೆಗೂ ಹಿಂದಕ್ಕೆ ಎಳೀತಿದ್ದೆ. ಬೆಳಿಗ್ಗೆ ಹತ್ತಿದ ಕೂಡಲೇ ಮೊದಲು ನೋಡೋದೇ ಅದನ್ನ. ಮುಂದಕ್ಕೆ ಬಂದಿದ್ರೆ, ಸರಿ, ಇವನಿಗೆ ಇವತ್ತೂ ಉರೀತಿದೆ ಅಂತ ಸಮಾಧಾನ."

ಕಿತ್ತುಕೊಂಡಿದ್ದ ದಿಂಬನ್ನು ನಾನು ಕಂಕುಳಿಗೆ ಒತ್ತಿಕೊಂಡೆ. ಅವಳು ಅದನ್ನೇ ನೋಡುತ್ತಾ ಹೇಳಿದಳು.

"ಒಂದೇ ಒಂದು ಸಲ 'ಮೇಡಂ' ಬಿಡು. 'ಹೋಗಬೇಡ' ಅನ್ನು, ಇದ್ಬಿಡ್ತೀನಿ. ನಿಜವಾಗ್ಲೂ. ಡಬ್ಬ ಹೊತ್ಕೊಂಡು, ನಿನ್ನ ಸೊಟ್ಟ ದಿಂಬಿಗೆ ಒರಗಿಕೊಂಡು ಇದ್ಬಿಡ್ತೀನಿ. ನಾಳೆ ಬೆಳಿಗ್ಗೆ ಹೇಳು."

ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ ಅಂತ ಹೇಳಿದರೆ ಸಿನಿಮಾ ಆಗುತ್ತದೆ. ಮಲಗಿದೆ, ಎದ್ದೆ, ಹ್ಯಾಂಗರಿಗೆ ಸೈಕಲ್ ತುಳಿದೆ. ದಾರಿಯುದ್ದಕ್ಕೂ ಒಂದೇ ಮಾತು ನಾಲಗೆ ಮೇಲೆ. ಹೋಗಬೇಡ. ಎಷ್ಟು ಸುಲಭ! ಉದ್ದಕಾಲನ್ನು ಬೇರೆ ರೂಟಿಗೆ ಹಾಕುತ್ತಾರೆ, ಬಲಗಡೆ ಸೀಟಿಗೆ ಜಾಕೆಟ್ಟು ವಾಪಸ್ ಬರುತ್ತದೆ, ಯಾವ ಕ್ಯಾಪ್ಟನ್ನೂ ಬೇಡ.

ಆದರೆ ಹೊಟ್ಟೆಕಿಚ್ಚಿನವನಿಗೆ ಒಂದು ರೋಗ ಇದೆ ನೋಡಿ, ಅವನು ಕಂಡದ್ದನ್ನು ಮರೆಯುವುದಿಲ್ಲ. ಕೆಂಪಾದ ಅಂಗೈ, ಒಣಗಿದ ತುಟಿ, ರಟ್ಟಿನ ಹಾಸಿಗೆ, ಎಲ್ಲಾ ನೆನಪಿತ್ತು. ಆ ಜೆಟ್ ನೋಡುವಾಗಿನ ಮುಖ ಎಲ್ಲಕ್ಕಿಂತ ಹೆಚ್ಚು ನೆನಪಿತ್ತು. ಇವಳನ್ನು ಇಲ್ಲೇ ಕಟ್ಟಿಹಾಕಿದರೆ ಮೇಲೆ ಜೆಟ್ ಹೋದಾಗೆಲ್ಲ ಕತ್ತೆತ್ತುತ್ತಾಳೆ. ಒಂದು ದಿನ ನಾನಿದ್ದೇನೆ ಅಂತ ಎತ್ತದೇ ಸುಮ್ಮನಾಗುತ್ತಾಳೆ. ಅದನ್ನು ನೋಡಲು ನನ್ನ ಕೈಲಿ ಆಗುತ್ತಿತ್ತಾ?

ಅವಳು ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನನ್ನ ಕಡೆ ನೋಡದೇ ಹತ್ತಿದಳು. ಆಮೇಲೆ ಬಾಗಿಲಿಂದ ತಲೆ ಹೊರಗೆ ಬಂತು.

"ನನ್ನ ಸೀಟು ಯಾರು ಹಿಂದಕ್ಕೆ ತಳ್ಳಿದ್ದು?"

"ನಾನು."

"ಪೂರ್ತಿ?"

"ಪೂರ್ತಿ. ಉದ್ದಕಾಲಿಗೆ ಅಭ್ಯಾಸ ಆಗ್ಲಿ ಅಂತ."

"ನನ್ನ ದಿಂಬು?"

ಬೆನ್ನ ಹಿಂದೆ ಹಿಡಿದಿದ್ದನ್ನು ಮುಂದೆ ಚಾಚಿದೆ. "ಹೋಗು. ಅಲ್ಲಿ ಸೀಟು ದೊಡ್ಡದಿರುತ್ತೆ, ಬೆನ್ನಿಗೆ ಬೇಕಾಗುತ್ತೆ. ನೀನಂದ್ರೆ ನಂಗೆ ಪ್ರಾಣ. ಅದಕ್ಕೇ ಹೋಗು."

ಅವಳು ಇಳಿದು ಬಂದಳು. ದಿಂಬಿನ ಜೊತೆ ಗ್ರೀಸು ಮೆತ್ತಿದ ನನ್ನ ಕೈಯನ್ನೂ ಹಿಡಿದಳು. ಆಗ ನೋಡಿದಳು ನೋಡಿ. ಕಣ್ಣು ಕಿರಿದಾಗಿ, ತುಟಿ ಸ್ವಲ್ಪ ತೆರೆದು. ಆಕಾಶದಲ್ಲಿ ಏನೂ ಇರಲಿಲ್ಲ. ನಾನಿದ್ದೆ, ಅಷ್ಟೇ.

"ಹೋಗೋದು ಮುಂದಿನ ತಿಂಗಳು ಕಣೋ ಕತ್ತೆ," ಅಂದಳು ಮೂಗು ಒರೆಸಿಕೊಳ್ಳುತ್ತಾ. "ಇವತ್ತು ಪೆಡಲ್ ಯಾರು ಒತ್ತೋದು, ನಿಮ್ಮಕ್ಕನಾ? ಬಾ, ಸೀಟು ಮುಂದಕ್ಕೆ ಹಾಕು."

ಹಾಕಿದೆ. ಅವಳ ಬಿಳಿ ಶರ್ಟಿನ ತೋಳಿನ ಮೇಲೆ ನನ್ನ ಹೆಬ್ಬೆರಳಿನ ಕಪ್ಪು ಗುರುತು ಬಿದ್ದಿತ್ತು. ಒರೆಸಿಕೊಳ್ಳದೇ ಹಾಗೇ ಹಾರಿದಳು.

ಈಗ ಅವಳು ಅಲ್ಲಿದ್ದಾಳೆ. ದಿನಾ ಒಂದು ಫೋಟೋ ಬರುತ್ತದೆ. ಬಲಗಡೆ ಸೀಟು, ಅದರ ಮೇಲೆ ಸೊಟ್ಟ ಹೊಲಿಗೆಯ ನೀಲಿ ದಿಂಬು. ನಾನು ದಿಂಬು ನೋಡುವುದಿಲ್ಲ, ಫೋಟೋದ ಎಡತುದಿಯನ್ನು ಜೂಮ್ ಮಾಡುತ್ತೇನೆ.

"ಆ ಮೊಣಕೈ ಯಾರದು?"

"ಕ್ಯಾಪ್ಟನ್ನದು. ಮೊಮ್ಮಕ್ಕಳಿದ್ದಾರೆ ಅವರಿಗೆ."

"ನಿನ್ನೆ ಮೊಣಕೈ ಬೇರೆ ಇತ್ತು."

"ಅಯ್ಯೋ ದೇವರೇ! ನಮ್ಮ ವಿಮಾನದಲ್ಲಿ ಬಲಗಡೆ ಈಗ ಯಾರಾದ್ರೂ ಹುಡುಗಿ ಬಂದಿದಾಳಾ? ಬಂದ್ರೆ ಹೇಳು, ರಜೆ ಹಾಕಿ ಬಂದು ನಾನೇ ಸೀಟು ತಳ್ತೀನಿ."

ಬಲಗಡೆ ಸೀಟಿನಲ್ಲಿ ಈಗ ಉದ್ದಕಾಲಿನ ಬ್ಯಾಗು ಕೂರುತ್ತದೆ. ಎಡಗಡೆಯದು ಕೊನೆಯವರೆಗೂ ಹಿಂದಕ್ಕೆ. ಕೆಲವು ಸಂಜೆ ಚೆಕ್ ಮುಗಿದ ಮೇಲೆ ಯಾರೂ ಇಲ್ಲದಾಗ ಅದನ್ನು ಮುಂದಕ್ಕೆ ಎಳೆದು, ಒಂದು ಗಳಿಗೆ ನೋಡಿ, ಮತ್ತೆ ಹಿಂದಕ್ಕೆ ಬಿಡುತ್ತೇನೆ. ಮೇಲೆ ಜೆಟ್ ಹೋದರೆ ಈಗ ಕತ್ತೆತ್ತುವವನು ನಾನು.

ಈಗ ಹೇಳಿ. ನಿಮ್ಮ ಒಂದು ಮಾತಿಗೆ ಅವಳು ನಿಂತುಬಿಡುತ್ತಿದ್ದಳು ಅಂತ ಗೊತ್ತಿದ್ದೂ, ನೀವಾಗಿದ್ದರೆ ಆ ಸೀಟನ್ನು ಹಿಂದಕ್ಕೆ ತಳ್ಳುತ್ತಿದ್ದಿರಾ?