ಅಕ್ಕನ ಸಂದೇಶ ಅಳಿಸಿದ್ದು ಯಾರು?

"ಒಂದೂ ಉಳಿದಿಲ್ಲ. ನೋಡಿ!"

ನರ್ಸ್ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಅಕ್ಕನ ಹೆಸರಿನ ಕೆಳಗೆ ಇವಳೇ ಕಳಿಸಿದ ಒಂದು ಸಾಲು ಬಿಟ್ಟರೆ ಪರದೆ ಖಾಲಿ. ಪರವೂರಿನಲ್ಲಿ ದುಡಿಯುವವರು ತಂತಮ್ಮ ಭಾಷೆಯಲ್ಲಿ ಮನೆಯವರಿಗೆ ಬರೆಯಲೆಂದೇ ಮಾಡಿದ ಜಾಲತಾಣ ಅದು. ಅದನ್ನು ನಡೆಸುವ ಕಚೇರಿಗೇ ಅವಳು ರಜೆ ಹಾಕಿ ಬಂದಿದ್ದಳು.

ಎದುರಿಗೆ ಕೂತವಳು ಇಣುಕಕ್ಕ. ತಾಣದಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಎಲ್ಲದರಲ್ಲೂ ಇಣುಕುತ್ತಾಳೆಂದು ಕಚೇರಿಯವರು ಇಟ್ಟ ಹೆಸರು. ಹೆಸರಿಟ್ಟವರಲ್ಲಿ ಒಬ್ಬರೂ ಅವಳನ್ನು ಊಟಕ್ಕೆ ಜೊತೆಗೆ ಕರೆದವರಲ್ಲ.

"ಕಳಿಸಿದವರೂ ಅಳಿಸಬಹುದು," ಎಂದಳು ಇಣುಕಕ್ಕ. "ಅಕ್ಕನಿಗೆ ಫೋನ್ ಮಾಡಿ ಕೇಳಿದ್ರಾ?"

"ಊರಿಂದ ಹೊರಡೋವಾಗ ಜಗಳ ಆಗಿತ್ತು. ಆಮೇಲೆ ಫೋನಿಲ್ಲ, ಬರೀ ಬರೆಯೋದು. ಯಾಕೆ ಅಳಿಸಿದೆ ಅಂತ ಬರೆದೆ — ಉತ್ತರಾನೇ ಇಲ್ಲ. ಅವಳು ನನ್ನ ಕೈಬಿಟ್ಟಳಾ? ಅದೊಂದು ತಿಳಿದ್ರೆ ಸಾಕು ನಂಗೆ."

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದರು. ಅಲ್ಲಿ ಬೇರೆಯದೇ ಕದನ. ಎಲ್ಲ ಭಾಷೆಗಳ ಸಂದೇಶಗಳನ್ನು ಕೂಡಿಡಲು ಹಳೆಯ ಡೇಟಾಬೇಸೇ ಇರಲೋ, ಹೊಸದನ್ನು ಆರಿಸಲೋ? ಪರೀಕ್ಷೆಗೆಂದು ಎರಡೂ ಅಕ್ಕಪಕ್ಕದಲ್ಲೇ ಓಡುತ್ತಿದ್ದವು. ಹಳೆಯದನ್ನು ನೋಡಿಕೊಳ್ಳುವ ಮೀಸೆಯವನಿಗೂ ಹೊಸದನ್ನು ತಂದ ಕನ್ನಡಕದವನಿಗೂ ಎಣ್ಣೆ ಸೀಗೆಕಾಯಿ.

"ಹಳೇದು ನುಂಗಿರ್ಬೇಕು," ಎಂದ ಕನ್ನಡಕದವನು.

"ನಿನ್ನ ಹೊಸದು ಬಂದ್ಮೇಲೇ ಅಲ್ವೇನಯ್ಯಾ ಮಾಯ ಆಗಿದ್ದು?" ಮೀಸೆ ಕುಣಿಯಿತು.

ಮುಖ್ಯಸ್ಥರು ಕೈಕೊಡವಿದರು. "ಅಕ್ಕನೇ ಅಳಿಸಿರ್ತಾಳೆ ಬಿಡಿ. ಮನೆ ಜಗಳಕ್ಕೆಲ್ಲ ನಾವು ಹೊಣೆನಾ?"

ನರ್ಸ್ ತಲೆ ತಗ್ಗಿಸಿದಳು. ಇಣುಕಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮೆಲ್ಲಗೇ ಕೇಳಿದಳು, "ಸಂದೇಶ ಇದ್ದಾಗಿನ ಪರದೆಯ ಚಿತ್ರ ಏನಾದ್ರೂ ಇದೆಯಾ?"

"ಒಂದಿದೆ. ಬೇಜಾರಾದಾಗ ನೋಡೋಕೆ ತೆಗೆದಿಟ್ಕೊಂಡಿದ್ದೆ."

ಗಂಡಸರು ಮೂವರೂ ಚಿತ್ರದಲ್ಲಿದ್ದ ಸಂದೇಶ ಓದಿದರು. ಇಣುಕಕ್ಕ ಅದರ ಕೆಳಗಿನ ಗುಂಡಿ ನೋಡಿದಳು.

"ಕಳಿಸೋ ಗುಂಡಿ ಇದರಲ್ಲಿ ನಿಮ್ಮ ಭಾಷೇಲಿದೆ. ಇವತ್ತಿನ ಪರದೇಲಿ ಈ ಊರಿನ ಭಾಷೆ. ಯಾವಾಗ ಬದಲಾಯಿಸಿದ್ರಿ?"

"ಹೋದ ತಿಂಗಳು. ವಾರ್ಡಲ್ಲಿ ನನ್ನ ಭಾಷೆ ಮಾತಾಡೋರು ಒಬ್ರೂ ಇಲ್ಲ. ಇಲ್ಲಿನದನ್ನಾದ್ರೂ ಕಲಿಯೋಣ ಅಂತ…"

"ಆಗಿಂದಲೇ ಸಂದೇಶ ಕಾಣ್ತಿಲ್ಲ?"

"ಹೌದು! ಆದ್ರೆ—"

"ಅಕ್ಕ ಏನೂ ಅಳಿಸಿಲ್ಲ," ಎಂದಳು ಇಣುಕಕ್ಕ. "ಡೇಟಾಬೇಸ್‌ಗಳೂ ಏನೂ ನುಂಗಿಲ್ಲ. ಎರಡರಲ್ಲೂ ಒಂದೊಂದು ಭಾಷೆಗೆ ಒಂದೊಂದು ಕೋಣೆ. ಪರದೆ ಯಾವ ಭಾಷೇಲಿದ್ಯೋ ಆ ಕೋಣೆ ಮಾತ್ರ ತೆರೆಯುತ್ತೆ. ಇವರು ಭಾಷೆ ಬದಲಾಯಿಸಿದ್ರು, ಅಕ್ಕನ ಕೋಣೆಗೆ ಬೀಗ ಬಿತ್ತು. ಇವರು ಬರೆದದ್ದು ಅಕ್ಕನಿಗೂ ಕಾಣಲಿಲ್ಲ."

"ಹಾಗೆ ಕೋಣೆ ಕಟ್ಟು ಅಂದಿದ್ಯಾರು?" ಮುಖ್ಯಸ್ಥರು ಗುಡುಗಿದರು.

"ನೀವೇ ಸಾರ್. ಹುಡುಕೋದು ಬೇಗ ಆಗುತ್ತೆ, ಒಬ್ಬ ಮನುಷ್ಯನಿಗೆ ಒಂದು ಭಾಷೆ ಸಾಕು ಅಂದ್ರಿ. ಮೊದಲು ಆ ಗೋಡೆ ಒಡೆಸಿ. ಇಲ್ಲದಿದ್ರೆ ಯಾವ ಡೇಟಾಬೇಸ್ ಆರಿಸಿದ್ರೂ ಇದೇ ಗತಿ."

ಮೀಸೆಯವನೂ ಕನ್ನಡಕದವನೂ ಅಪರೂಪಕ್ಕೆ ಒಟ್ಟಿಗೆ ತಲೆಯಾಡಿಸಿದರು.

ನರ್ಸ್ ಪರದೆಯನ್ನು ಮತ್ತೆ ತನ್ನ ಭಾಷೆಗೆ ಬದಲಾಯಿಸಿದಳು. ಹಳೆಯವೂ ಹೊಸವೂ, ಅಕ್ಕನ ಸಂದೇಶಗಳು ಪರದೆ ತುಂಬಿದವು. ಕೊನೆಯದು ಹೀಗಿತ್ತು: "ಓದಿಯೂ ಬರೆಯಲ್ವಾ? ಸರಿ ಕಣೇ, ನಾನೇ ಸೋತೆ. ಫೋನ್ ಮಾಡು."

ಮಾಡಿದಳು. "ಅಕ್ಕಾ—" ಅನ್ನುವಷ್ಟರಲ್ಲೇ ಆ ಕಡೆಯಿಂದ ಬೈಗುಳದ ಸುರಿಮಳೆ. "ಎಲ್ಲಿ ಹಾಳಾಗಿ ಹೋಗಿದ್ಯೇ? ಬದುಕಿದ್ದೀನಿ ಅಂತ ಒಂದು ಸಾಲು ಬರೆಯೋಕೆ ಏನು ರೋಗ ನಿಂಗೆ? ಊಟ ಮಾಡಿದ್ಯಾ?" ತಂಗಿ ಅಳುತ್ತಲೇ ನಕ್ಕಳು.

ಇಣುಕಕ್ಕ ಗಂಡಸರನ್ನೆಲ್ಲ ಹೊರಗಟ್ಟಿ, ತಾನೂ ಬಂದು ಬಾಗಿಲೆಳೆದಳು. ಬಾಗಿಲಾಚೆಗೂ ಆ ಬೈಗುಳ ಕೇಳುತ್ತಿತ್ತು. ಅವಳಿಗೆ ಹೊಟ್ಟೆಕಿಚ್ಚಾಯಿತು. ಅವಳನ್ನು ಹಾಗೆ ಬೈಯುವವರು ಈ ಊರಲ್ಲೂ ಇರಲಿಲ್ಲ, ಬೇರೆ ಯಾವ ಊರಲ್ಲೂ ಇರಲಿಲ್ಲ.