ಗಾಲ್ಫ್ ಮೇಷ್ಟ್ರ ಎಡಗೈ

"ಹೊಡೆಯೋದು ಒಂದು ಚೆಂಡು. ಅದೂ ನಿಂತಲ್ಲೇ ನಿಂತಿರೋ ಚೆಂಡು! ಅದಕ್ಕೋಸ್ಕರ ಕೈ ಮೂಳೆ ಮುರ್ಕೊಂಡಿದ್ದೀರಾ?"

ಅವಳ ಬಾಯಿಂದ ಮಾತು ಜಾರಿಯೇ ಹೋಯಿತು.

ಎದುರಿಗೆ ಕುಳಿತಿದ್ದವನು ತಲೆ ಎತ್ತಿದ. ಬಿಸಿಲಿಗೆ ಕಂದಿದ ಮುಖ. ಎಡಗೈ ಮಾತ್ರ ಆರು ವಾರ ಪ್ಲಾಸ್ಟರ್ ಒಳಗಿದ್ದು ಬಿಳಚಿಕೊಂಡು, ಬೇರೆ ಯಾರದೋ ಕೈಯಂತೆ ಮೇಜಿನ ಮೇಲೆ ಬಿದ್ದಿತ್ತು.

"ಮೇಡಂ, ನೀವು ಯಾವತ್ತಾದ್ರೂ ಗಾಲ್ಫ್ ಕೋಲು ಹಿಡಿದಿದ್ದೀರಾ?"

"ಇಲ್ಲ."

"ಮತ್ತೆ ಈ ಕೈನ ಹೇಗೆ ಸರಿಮಾಡ್ತೀರಾ? ಇದು ಏನು ಕೆಲಸ ಮಾಡ್ತಿತ್ತು ಅಂತಾನೇ ನಿಮಗೆ ಗೊತ್ತಿಲ್ಲ!"

ಅಷ್ಟು ಹೇಳಿ ಎದ್ದು ಹೋಗಿಯೇ ಬಿಟ್ಟ.

ಅವಳು ಆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಒಂಬತ್ತು ವರ್ಷಗಳಿಂದ ಬರೀ ಕೈಗಳನ್ನೇ ನೋಡುತ್ತಿದ್ದಳು. ಬಡಗಿಯ ಕೈ, ದರ್ಜಿಯ ಕೈ, ಪಿಟೀಲು ನುಡಿಸುವವರ ಕೈ... ಯಾರೂ ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡಿರಲಿಲ್ಲ. ಕೋಪ ಬಂತು. ಆದರೆ ಕೋಪಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಚುಚ್ಚುತ್ತಿತ್ತು.

'ಅವನು ಹೇಳಿದ್ದು ನಿಜ ತಾನೇ?'

ಭಾನುವಾರ ಬೆಳಿಗ್ಗೆ ಅವಳು ಅವನು ಕಲಿಸುವ ಅಭ್ಯಾಸದ ಮೈದಾನಕ್ಕೆ ಹೋದಳು. ಬಾಗಿಲ ಬಳಿ ಚೆಂಡಿನ ಬುಟ್ಟಿಗಳನ್ನು ಕೊಡುತ್ತಿದ್ದವಳು ಅವನ ಅಕ್ಕ. ಇವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

"ಓ... ನನ್ನ ತಮ್ಮ ಬೈದು ಬಂದ ಮೇಡಂ ನೀವೇನಾ? ಬನ್ನಿ ಬನ್ನಿ. ಮೂರು ದಿನದಿಂದ ಅನ್ನ ಸೇರ್ತಿಲ್ಲ ಅವನಿಗೆ. ಕ್ಷಮೆ ಕೇಳೋಕೆ ಧೈರ್ಯಾನೂ ಇಲ್ಲ!"

ಎಲ್ಲರೂ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವಳನ್ನು ಕಂಡದ್ದೇ ಅವನು ಕ್ಷಮೆ ಕೇಳಲು ತಡವರಿಸಿದ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

"ಕೋಲು ಕೊಡಿ. ಕೈ ಏನು ಕೆಲಸ ಮಾಡುತ್ತೆ ಅಂತ ಕಲಿಸಿ."

ಮೊದಲ ಸಲ ಕೋಲು ಚೆಂಡಿನ ಮೇಲೆ ಗಾಳಿಯಲ್ಲಿ ಹಾದುಹೋಯಿತು. ಎರಡನೇ ಸಲ ಚೆಂಡು ಪಕ್ಕಕ್ಕೆ ಉರುಳಿ ಬೆಂಚಿನ ಕೆಳಗೆ ಸೇರಿಕೊಂಡಿತು.

"ನೀವು ಮಣಿಕಟ್ಟಿನಿಂದ ಚಿಮ್ಮಿಸ್ತಿದ್ದೀರಾ, ಅದೇ ತಪ್ಪು. ಒದ್ದೆ ಟವೆಲ್ ಕೊಡವ್ತೀರಲ್ಲ, ಆಗ ಮಣಿಕಟ್ಟಿನ ಬಗ್ಗೆ ಯೋಚ್ನೆ ಮಾಡ್ತೀರಾ?"

"ಇಲ್ಲ..."

"ತೋಳು ಮುಂದೆ ಬರುತ್ತೆ, ಟವೆಲ್ ಹಿಂದೆ ಉಳಿಯುತ್ತೆ, ಕೊನೇಲಿ ಫಟ್ ಅನ್ನುತ್ತೆ. ಇದೂ ಅಷ್ಟೇ. ಕೋಲು ಮೇಲೆ ಹೋಗೋವಾಗ ಅದರ ಭಾರಕ್ಕೇ ಮಣಿಕಟ್ಟು ಹೆಬ್ಬೆರಳಿನ ಕಡೆ ಮಡಚಿಕೊಳ್ಳುತ್ತೆ. ಕೆಳಗೆ ಬರೋವಾಗ ಆ ಮಡಿಕೆ ಹಾಗೇ ಉಳೀಬೇಕು, ಕೈ ತೊಡೆ ಹತ್ರ ಬರೋವರೆಗೂ. ಆಮೇಲೆ ತಾನಾಗೇ ಬಿಚ್ಚಿಕೊಳ್ಳುತ್ತೆ. ನಾವು ಬಿಚ್ಚೋಕೆ ಹೋಗಬಾರದು."

"ಅವಸರಪಟ್ಟು ಬಿಚ್ಚಿದ್ರೆ?"

"ಚೆಂಡಿಗೆ ತಲುಪೋ ಮೊದಲೇ ಬಲ ಎಲ್ಲ ಸೋರಿಹೋಗುತ್ತೆ."

ಹತ್ತನೆಯದೋ ಹನ್ನೊಂದನೆಯದೋ ಚೆಂಡು ಕೊನೆಗೂ ಗಾಳಿಗೆ ಏರಿತು. ಅವಳು ಮಗುವಿನಂತೆ ಕಿರುಚಿದಳು! ಮರುಕ್ಷಣ ತನ್ನ ಎಡಗೈಯನ್ನೇ ನೋಡಿಕೊಂಡಳು. ಕೋಲಿನ ಭಾರವನ್ನೆಲ್ಲ ತಡೆದದ್ದು ಕೊನೆಯ ಎರಡು ಬೆರಳು. ಕೋಲಿನ ಹಿಡಿಯ ತುದಿ ಒತ್ತಿದ್ದು ಅಂಗೈಯ ಬುಡದಲ್ಲಿ, ಕಿರುಬೆರಳಿನ ನೇರಕ್ಕಿರುವ ಪುಟ್ಟ ಮೂಳೆಯ ಮೇಲೆ.

"ಅಯ್ಯೋ... ಇಲ್ಲೇ ಅಲ್ವಾ ನಿಮಗೆ ಮುರಿದಿರೋದು?"

"ಅಲ್ಲೇ," ಎಂದ ಅವನು ಮೆಲ್ಲಗೆ.

"ಕ್ಷಮಿಸಿ ಮೇಷ್ಟ್ರೇ. ನಾಳೆಯಿಂದ ಬನ್ನಿ."

ಅವನು ಬಂದ. ದಿನಾ ಬಂದ.

ಬಿಸಿನೀರಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳನ್ನು ಮಡಚಿಸಿ ಬಿಚ್ಚಿಸುವಾಗ ಅವನು ತನ್ನ ಕಥೆ ಹೇಳುತ್ತಿದ್ದ. ಅಪ್ಪ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದದ್ದು. ಬೇಲಿಯಾಚೆ ನಿಂತು ಬೇರೆಯವರ ಮಣಿಕಟ್ಟುಗಳನ್ನು ನೋಡಿ ನೋಡಿಯೇ ಇವನು ಕಲಿತದ್ದು. ದೊಡ್ಡ ಪಂದ್ಯಗಳಿಗೆ ಆಯ್ಕೆಯಾಗುವ ಅವಕಾಶ ಎರಡು ಸಲ, ಬರೀ ಒಂದೊಂದು ಹೊಡೆತದಲ್ಲಿ ಕೈತಪ್ಪಿದ್ದು.

"ಈಗ ಮೂವತ್ನಾಲ್ಕು ನನಗೆ. ಇನ್ನು ಐದು ವಾರಕ್ಕೆ ಮತ್ತೆ ಆಯ್ಕೆ ಪಂದ್ಯ. ಇದು ಹೋದ್ರೆ... ಮುಗೀತು."

ಅವಳು ಅವನ ಬೆರಳುಗಳನ್ನು ಇನ್ನಷ್ಟು ಜೋಪಾನವಾಗಿ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಅವನು ಎಡಗೈಯಲ್ಲಿ ನೀರಿನ ಲೋಟ ಎತ್ತಿ ಒಂದು ಹನಿಯೂ ಚೆಲ್ಲದೆ ಕುಡಿದ. ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿತು. ಅವನು ನೋಡಿದ, ನೋಡದವನಂತೆ ಮುಖ ತಿರುಗಿಸಿದ.

'ಇದೇನಾಗ್ತಿದೆ ನನಗೆ?' ಎಂದು ಅವಳು ತನ್ನನ್ನೇ ಬೈದುಕೊಂಡಳು.

ಪಂದ್ಯಕ್ಕೆ ಮೂರು ದಿನ ಉಳಿದಿತ್ತು. ಮೂಳೆ ಪೂರ್ತಿ ಕೂಡಿಲ್ಲ ಎಂದು ದೊಡ್ಡ ಡಾಕ್ಟರು ಮೊದಲೇ ಹೇಳಿದ್ದರು. ಎಡಗೈ ಹಿಡಿತವನ್ನು ಯಂತ್ರದಲ್ಲಿ ಮೂರು ಸಲ ಅಳೆದು ಸರಾಸರಿ ಮೂವತ್ತಾರು ಕಿಲೋ ಬಂದರೆ ಆಡಬಹುದು, ಇಲ್ಲದಿದ್ದರೆ ಇಲ್ಲ. ಅಳೆಯಬೇಕಾದವಳು ಅವಳೇ.

ಮೊದಲ ಸಲ ಇಪ್ಪತ್ತೊಂಬತ್ತು.

ಎರಡನೇ ಸಲ ಮೂವತ್ತು.

ಅವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮೂರನೇ ಸಲ ಯಂತ್ರವನ್ನು ಹಿಂಡಿದ. ಮೂವತ್ತಾರು!

"ಸಾಕಲ್ವಾ ಮೇಡಂ?" ಅವನು ಕಣ್ಣು ಬಿಟ್ಟು ಆಸೆಯಿಂದ ಅವಳನ್ನೇ ನೋಡಿದ.

ಸಾಕಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳ ಪೆನ್ನು ಹಾಳೆಯ ಮೇಲೆ ಒಂದೇ ಒಂದು ಸಂಖ್ಯೆ ಬರೆಯಿತು. ಮೂವತ್ತಾರು. ಕೆಳಗೆ ಅವಳ ಸಹಿ.

ಪಂದ್ಯದ ದಿನ ಅವಳು ಹಗ್ಗದಾಚೆ ಜನರ ನಡುವೆ ನಿಂತಿದ್ದಳು. ಚೆಂಡು ಹಾಕಬೇಕಾದ ಹದಿನೆಂಟು ಕುಳಿಗಳಲ್ಲಿ ಹತ್ತರವರೆಗೆ ಅವನು ಎಲ್ಲರಿಗಿಂತ ಮುಂದಿದ್ದ. ಹನ್ನೊಂದನೆಯದರಲ್ಲಿ ಕೋಲು ಮೇಲೇರಿತು, ಮಣಿಕಟ್ಟು ಮಡಚಿಕೊಂಡಿತು, ಕೈ ಕೆಳಗೆ ಬಂತು... ಅಷ್ಟೇ! ಕೋಲು ಅವನ ಹಿಡಿತದಿಂದ ಕಳಚಿ ಹುಲ್ಲಿನ ಮೇಲೆ ದೂರ ಹೋಗಿ ಬಿತ್ತು.

ಅವನು ಕೂಗಲಿಲ್ಲ. ಎಡಗೈ ಎತ್ತಿ ನೋಡಿಕೊಂಡ. ಕೊನೆಯ ಎರಡು ಬೆರಳು ಮಡಚುತ್ತಲೇ ಇರಲಿಲ್ಲ. ಮುರಿದ ಮೂಳೆಯ ಚೂಪಿಗೆ ಉಜ್ಜಿ ಉಜ್ಜಿ ಸವೆದಿದ್ದ, ಬೆರಳು ಮಡಚಿಸುವ ಸ್ನಾಯುಹುರಿಗಳು ಹರಿದುಹೋಗಿದ್ದವು.

ಅಂದೇ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಅವಳು ವಾರ್ಡಿನ ಪರದೆಯವರೆಗೆ ಹೋದಳು. ಒಳಗಿನಿಂದ ಅವನ ದನಿ ಕೇಳಿಸಿತು.

"ಅಕ್ಕಾ, ಅವಳ ಮುಖ ನೋಡೋಕೆ ನನ್ನಿಂದಾಗಲ್ಲ. ಬಂದ್ರೆ ವಾಪಸ್ ಕಳಿಸಿಬಿಡು."

 ಅವಳು ಪರದೆ ಸರಿಸದೆ ಹಿಂದಿರುಗಿದಳು. ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಮೂರು ಸಂಖ್ಯೆಗಳನ್ನೂ ಹೇಳಿ, ಕೆಲಸ ಬಿಡುತ್ತೇನೆ ಎಂದಳು.

"ಸಂಜೆವರೆಗೂ ಯೋಚ್ನೆ ಮಾಡಮ್ಮಾ. ರಾಜೀನಾಮೆ ಕೊಡೋದು ಅಷ್ಟು ಸುಲಭ ಅಲ್ಲ," ಎಂದರು ಅವರು.

"ಸಹಿ ಹಾಕೋದು ಸುಲಭ ಆಗಿತ್ತು ಸರ್," ಎಂದು ಪತ್ರ ಮೇಜಿನ ಮೇಲಿಟ್ಟು ಬಂದುಬಿಟ್ಟಳು.

ಊರಿನ ಆಚೆ ತುದಿಯಲ್ಲಿ, ವಯಸ್ಸಾದವರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಅಜ್ಜ ಅಜ್ಜಿಯರ ಮಂಡಿ ನೋವು, ಬೆನ್ನು ನೋವು ನೋಡುತ್ತಿದ್ದಳು. ಕೈ ನೋವು ಎಂದು ಯಾರಾದರೂ ಬಂದರೆ ಬೇರೆಯವರ ಬಳಿ ಕಳಿಸುತ್ತಿದ್ದಳು. ಅಮ್ಮ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಹೀಗೆ ಎಂಟು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಅವನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮುಖ ಇಳಿದುಹೋಗಿತ್ತು.

"ನಿಮ್ಮನ್ನ ಹುಡುಕಿ ಹುಡುಕಿ ಸಾಕಾಯ್ತು ಮೇಡಂ. ಒಂದ್ಸಲ ಬನ್ನಿ. ಅವನು ಆ ಕೈನ ಜೇಬಿಂದ ಆಚೆ ತೆಗೀತಾನೇ ಇಲ್ಲ."

"ಅವರಿಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಕ್ಕಾ. ನಾನೇ ಕಿವಿಯಾರೆ ಕೇಳಿದೀನಿ."

"ಅರ್ಧ ಕೇಳಿಸ್ಕೊಂಡು ಹೋಗಿದ್ದೀರಾ ತಾಯಿ. ಇನ್ನರ್ಧ ಅವನ ಬಾಯಿಂದಾನೇ ಕೇಳಿ."

ಸಂಜೆ ಬಿಸಿಲು ಮೈದಾನದ ಮೇಲೆ ಉದ್ದಕ್ಕೆ ಚಾಚಿತ್ತು. ಅವನು ಒಬ್ಬ ಹೆಂಗಸಿಗೆ ಕಲಿಸುತ್ತಿದ್ದ, ಬರೀ ಬಾಯಿಮಾತಿನಲ್ಲಿ. ಎಡಗೈ ಜೇಬಿನೊಳಗಿತ್ತು. ಆಕೆ ಬುಟ್ಟಿ ಎತ್ತಿಕೊಂಡು ಹೋದ ಮೇಲೆ ತಿರುಗಿದವನು ಇವಳನ್ನು ಕಂಡು ಕಲ್ಲಾದ.

"ನೀವು..."

"ಒಂದು ಮಾತು ಹೇಳಿ ಹೋಗ್ತೀನಿ," ಎಂದಳು ಅವಳು. "ಸರಾಸರಿ ಮೂವತ್ತಾರು ಇರ್ಲಿಲ್ಲ. ಅಷ್ಟು ಬಂದದ್ದು ಒಂದೇ ಸಲ. ಗೊತ್ತಿದ್ದೂ ನಾನು ಅದನ್ನೇ ಬರೆದೆ. ನಿಮ್ಮ ಕಣ್ಣಲ್ಲಿದ್ದ ಆಸೆ ನೋಡಿ ಸೋತೆ. ನಿಮ್ಮ ಕೈ ಹಾಳು ಮಾಡಿದವಳು ನಾನೇ!"

ಅವನು ಬೆಂಚಿನ ಮೇಲೆ ಕುಸಿದು ಕುಳಿತ.

"ಆ ಮೂವತ್ತಾರೂ ಸುಳ್ಳು ಮೇಡಂ."

"ಏನು?"

"ಅವತ್ತು ನಿಮ್ಮ ಹತ್ರ ಬರೋ ಮೊದಲು ಬೇರೆ ಕಡೆ ನೋವಿನ ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ. ಅಂಗೈ ಮರಗಟ್ಟಿತ್ತು. ನೋವೇ ಗೊತ್ತಾಗದ ಕೈಯಲ್ಲಿ ಹಿಂಡಿದ್ದು ಅದು. ನಿಮಗೆ ಮೋಸ ಮಾಡಿದೆ... ನಿಮ್ಮ ಕೆಲಸಾನೂ ಕಳೆದೆ. ಯಾವ ಮುಖ ಇಟ್ಕೊಂಡು ನಿಮ್ಮ ಮುಖ ನೋಡ್ಲಿ ನಾನು?"

 ಎಂಟು ತಿಂಗಳು... ಒಂದೇ ತಪ್ಪನ್ನು ಇಬ್ಬರೂ ಬೇರೆಬೇರೆ ಮನೆಗಳಲ್ಲಿ ಒಬ್ಬೊಬ್ಬರೇ ಹೊತ್ತಿದ್ದರು.

ಅವಳು ಪಕ್ಕದಲ್ಲಿ ಕುಳಿತಳು. ಅವನ ಕೈಯನ್ನು ಜೇಬಿನಿಂದ ತಾನೇ ಮೆಲ್ಲಗೆ ಹೊರತೆಗೆದಳು. ಎರಡು ಬೆರಳು ಒಣಕಡ್ಡಿಯಂತೆ ಸೆಟೆದಿದ್ದವು.

"ಆಪರೇಷನ್ ಆದ್ಮೇಲೆ ಎಷ್ಟು ತಿಂಗಳು ಚಿಕಿತ್ಸೆ ತಗೊಂಡ್ರಿ?"

"ಒಂದು ದಿನಾನೂ ಇಲ್ಲ."

"ಯಾಕೆ? ಬುದ್ಧಿ ಇದ್ಯಾ ನಿಮಗೆ!"

"ಬೇರೆ ಯಾರ ಕೈಗೂ ಇದನ್ನ ಕೊಡೋಕೆ ಮನಸ್ಸಾಗ್ಲಿಲ್ಲ," ಎಂದ ಅವನು ನೆಲ ನೋಡುತ್ತಾ.

ಅವಳ ಕಣ್ಣೀರು ಅವನ ಅಂಗೈ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಇನ್ನು ಅವನಿಗೆ ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಕೇಳಿ... ಇವು ಪೂರ್ತಿ ಮಡಚೋದಿಲ್ಲ. ಲೋಟ ಹಿಡೀಬಹುದು, ಶರ್ಟಿನ ಗುಂಡಿ ಹಾಕ್ಕೋಬಹುದು. ಆದ್ರೆ ಪಂದ್ಯ... ಇನ್ಯಾವತ್ತೂ ಇಲ್ಲ."

"ಗೊತ್ತು," ಎಂದ. ಗೊತ್ತಿದ್ದದ್ದನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ತಡೆಯಲಾಗಲಿಲ್ಲ. ಮೂವತ್ನಾಲ್ಕು ವರ್ಷದ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಅವಳು ತಡೆಯಲಿಲ್ಲ. ಅಳು ಇಳಿಯುವವರೆಗೆ ಕಾದು, ಕಿರುಬೆರಳಿನ ಬುಡಕ್ಕೆ ತನ್ನ ಹೆಬ್ಬೆರಳಿಟ್ಟು, ಬಹಳ ನಿಧಾನವಾಗಿ ಮಡಚಲು ಶುರುಮಾಡಿದಳು.

ಅವನ ಹುಬ್ಬು ಗಂಟಿಕ್ಕಿತು.

"ನೋವಾಗ್ತಿದ್ಯಾ?"

"ಆಗ್ತಿದೆ."

"ಬಿಡ್ಲಾ?"

ಅವನು ಒದ್ದೆ ಕಣ್ಣೆತ್ತಿ ನೋಡಿದ. ಇಷ್ಟು ದಿನ ಮೇಡಂ, ನೀವು ಎನ್ನುತ್ತಿದ್ದ ಬಾಯಿಂದ ಮೊದಲ ಸಲ ಆ ಸಲಿಗೆ ಹೊರಬಂತು.

"ಬೇಡ ಕಣೇ... ಬಿಡಬೇಡ."